ತಪ್ಪು ಕಾಂಗ್ರೆಸ್ ಕಸದ್ದು, ಶಿಕ್ಷೆ ಬದನೇಕಾಯಿಗೆ

ಗಿಡ ತಾಗಿ ಮೈಮೇಲೆ ಗುಳ್ಳೆ ಎದ್ದಿದೆ, ಮನೆಮದ್ದು ಏನು ಅಂತ ಮೊಬೈಲನ್ನು ಕೇಳಿ ನೋಡಿ. ಅದು ನಮ್ಮನ್ನು ನೇರ ಅಮೆರಿಕಕ್ಕೆ ಕರ್ಕೊಂಡು ಹೋಗುತ್ತೆ. ಪಾಯ್ಸನ್ ಐವಿ ಅಂತ ಒಂದು ಬಳ್ಳಿ ಇದೆಯಂತೆ, ಮೂರು ಮೂರು ಎಲೆ, ತಾಗಿದರೆ ಚರ್ಮ ಉರಿದು ಗುಳ್ಳೆ ಏಳುತ್ತೆ, ಅದಕ್ಕೆ ಓಟ್ಸ್ ಪುಡಿ ಕಲಸಿದ ನೀರಲ್ಲಿ ಸ್ನಾನ ಮಾಡಿ ಅನ್ನುತ್ತೆ. ಹಾಸ್ಟೆಲ್ಲಿನಲ್ಲಿ ಒಂದು ಬಕೆಟ್ ನೀರಿಗೇ ಸಾಲು ನಿಲ್ಲುವ ನಾವು ಓಟ್ಸ್ ಎಲ್ಲಿಂದ ತರೋಣ? ಅದಕ್ಕಿಂತ ಮುಖ್ಯವಾದ ಮಾತು, ಆ ಬಳ್ಳಿ ನಮ್ಮ ಕಡೆ ಇಲ್ಲವೇ ಇಲ್ಲ. ಹೂವಿನಹಡಗಲಿ ತಾಲ್ಲೂಕಿನ ಹೊಳಲಿನ ಹೊಲದ ಬದುವಿನಲ್ಲಿ ಹುಡುಕಿದರೂ ಸಿಗಲ್ಲ, ನಮ್ಮ ಕ್ಯಾಂಪಸ್ಸಿನ ಕಾಂಪೌಂಡಿನ ಹಿಂದೆ ಹುಡುಕಿದರೂ ಸಿಗಲ್ಲ.

ಅದರ ನೆಂಟರು ಮಾತ್ರ ಇದ್ದಾರೆ. ಮಾವು, ಗೋಡಂಬಿ, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು ಎಲ್ಲವೂ ಅದೇ ಕುಟುಂಬದವು. ಮಾವಿನಕಾಯಿ ತೊಟ್ಟು ಮುರಿದಾಗ ಚಿಮ್ಮುವ ಸೊನೆ ತುಟಿಗೆ ತಾಗಿ ಸುಟ್ಟ ಹಾಗೆ ಆಗೋದು ನಮಗೆಲ್ಲ ಗೊತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತಕ್ಕೆ ಬಂದಿದ್ದ ಅಮೆರಿಕನ್ ಸೈನಿಕರಿಗೆ ಅಂಗಿಯ ಕಾಲರ್ ತಾಗುವ ಕಡೆ ವಿಚಿತ್ರ ಗುಳ್ಳೆ ಏಳುತ್ತಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಧೋಬಿ ಹಾಕಿದ ಗೇರಿನ ಗುರುತು. ಪಾಯ್ಸನ್ ಐವಿಯಲ್ಲಿರುವ ಉರುಶಿಯಾಲ್ ಅನ್ನುವ ಎಣ್ಣೆಯಂಥ ವಸ್ತುವಿನ ಅಣ್ಣತಮ್ಮನೇ ಗೇರಿನಲ್ಲೂ ಇದೆ. ತಮ್ಮೂರಿನ ಬಳ್ಳಿಯಿಂದ ಮೊದಲೇ ಅಲರ್ಜಿ ಆಗಿದ್ದವರಿಗೆ ಇಲ್ಲಿ ಅಗಸನ ಗುರುತೇ ಸಾಕಾಯಿತು.

ಆದರೆ ನಮ್ಮ ಬಯಲುಸೀಮೆಯಲ್ಲಿ ಚರ್ಮದ ವಿಷಯಕ್ಕೆ ಬಂದರೆ ನಿಜವಾದ ವಿಲನ್ ಬೇರೆಯೇ. ಪುಸ್ತಕದಲ್ಲಿ ಪಾರ್ಥೇನಿಯಂ, ಊರಲ್ಲಿ ಕಾಂಗ್ರೆಸ್ ಕಸ. 1950ರ ದಶಕದ ಮಧ್ಯದಲ್ಲಿ ಪುಣೆಯ ಹತ್ತಿರ ಕಂಡಿತು, ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಅನ್ನೋದು ಎಲ್ಲರೂ ಹೇಳುವ ಕತೆ. ಅದಕ್ಕೂ ಬಹಳ ಹಿಂದೆಯೇ ಇಲ್ಲಿತ್ತು ಅನ್ನುವ ದಾಖಲೆಗಳೂ ಇವೆ, ಆ ಜಗಳ ನಮಗೆ ಬೇಡ. ಕರ್ನಾಟಕ ಸರ್ಕಾರ ಇದನ್ನು ಹಾನಿಕಾರಕ ಕಳೆ ಅಂತ ಘೋಷಿಸಿದ್ದು 1975ರಲ್ಲಿ. ನಮ್ಮ ಅಪ್ಪ ಅಮ್ಮ ಆಗಿನ್ನೂ ಚಿಕ್ಕ ಮಕ್ಕಳು. ಇವತ್ತು ಹೊಳಲು, ಮೈಲಾರ, ಹಿರೇಹಡಗಲಿ ಕಡೆ ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆಯ ಎರಡೂ ಬದಿ ಬಿಳಿ ಹೂವಿನ ಗೋಡೆ. ಒಂದೊಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತೆ. ಘೋಷಣೆಗೆ ಅದು ಹೆದರಿದ ಹಾಗೆ ಕಾಣಲಿಲ್ಲ.

ನಮ್ಮ ತಕರಾರು ಗಿಡದ ಮೇಲಲ್ಲ. ಆ ಗಿಡದಿಂದ ಆಗುವ ಕಾಯಿಲೆಯನ್ನು ನಾವು ಅರ್ಥ ಮಾಡಿಕೊಂಡಿರುವ ರೀತಿ ತಪ್ಪು, ಆ ತಪ್ಪಿಗೆ ಬೆಲೆ ಕೊಡುತ್ತಿರುವವರು ಕಳೆ ತೆಗೆಯುವ ಹೆಂಗಸರು, ಇದು ನಮ್ಮ ವಾದ.

ಕಾಯಿಲೆ ಹೀಗೆ ಶುರುವಾಗುತ್ತೆ. ಈ ಗಿಡದಲ್ಲಿ ಪಾರ್ಥೆನಿನ್ ಅನ್ನುವ ರಾಸಾಯನಿಕ ಇದೆ. ಎಲೆ ಮತ್ತು ಕಾಂಡದ ಮೇಲಿನ ಸಣ್ಣ ಕೂದಲಲ್ಲೂ ಇದೆ, ಹೂವಿನ ಪರಾಗದಲ್ಲೂ ಇದೆ. ಮೊದಲ ಸಲ ಮುಟ್ಟಿದಾಗ ಬಹಳ ಜನಕ್ಕೆ ಏನೂ ಆಗಲ್ಲ. ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ನೋಡಿ, ಗುರುತಿಟ್ಟುಕೊಂಡು ಸುಮ್ಮನಿರುತ್ತೆ. ಒಂದು ಹಂಗಾಮು, ಎರಡು ಹಂಗಾಮು, ಕೆಲವರಿಗೆ ಹತ್ತು ವರ್ಷವೂ ಹೀಗೇ ಹೋಗಬಹುದು. ಆಮೇಲೆ ಒಂದು ದಿನ ಟಿ ಜೀವಕೋಶಗಳು ದಂಗೆ ಏಳುತ್ತವೆ. ಅದೂ ಮುಟ್ಟಿದ ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು. ಈ ತಡವೇ ಎಲ್ಲ ಗೊಂದಲದ ಮೂಲ. ಶನಿವಾರ ಕಸ ಕಿತ್ತವರಿಗೆ ಸೋಮವಾರ ಕೆರೆತ ಬಂದರೆ ಯಾರಿಗೆ ಶನಿವಾರ ನೆನಪಾಗುತ್ತೆ? ಹಾಸ್ಟೆಲ್ಲಿನವರು ಮೆಸ್ಸಿನ ಎಣ್ಣೆಯನ್ನೋ ಬೋರ್‌ವೆಲ್ ನೀರನ್ನೋ ಬೈತಾರೆ. ಹೊಳಲಿನ ಕಡೆಯ ಮನೆಯಲ್ಲಾದರೆ ಹಿರಿಯರು ಹೇಳೋದು ಒಂದೇ ಮಾತು: “ನಂಜಾಗೈತಿ ತಗಿ, ಬದ್ನೀಕಾಯಿ ಬಿಡು.”

ಬೆಂಗಳೂರು, ಮೈಸೂರಿನ ಗೆಳೆಯರಿಗೆ ಒಂದು ಸೂಚನೆ. ಈ ಕಡೆ “ಮೈಯೆಲ್ಲಾ ತಿಂಡಿ” ಅಂದರೆ ದೋಸೆ, ಉಪ್ಪಿಟ್ಟು ಅಲ್ಲ. ಕೆರೆತ.

ನಂಜು ಅನ್ನೋ ಮಾತನ್ನು ನಾವು ಗೇಲಿ ಮಾಡುತ್ತಿಲ್ಲ. ಕೆಲವರಿಗೆ ಕೆಲವು ಆಹಾರ ಆಗಿಬರಲ್ಲ, ಅದು ನಿಜ. ಆದರೆ ಕಾಂಗ್ರೆಸ್ ಕಸದ ಗುಳ್ಳೆ ಊಟದಿಂದ ಬಂದದ್ದಲ್ಲ, ಊಟ ಬಿಟ್ಟರೆ ಹೋಗೋದೂ ಇಲ್ಲ. ಬದನೇಕಾಯಿ ಬಿಟ್ಟರು, ಹೋಗಲಿಲ್ಲ. ಶೇಂಗಾ ಬಿಟ್ಟರು, ಹೋಗಲಿಲ್ಲ. ಮೊಟ್ಟೆ ಬಿಟ್ಟರು, ಒಣಮೀನು ಬಿಟ್ಟರು. ದಿನವಿಡೀ ಬಗ್ಗಿ ಕೂಲಿ ಮಾಡುವ ಹೆಂಗಸಿನ ತಟ್ಟೆಯಲ್ಲಿ ಇದ್ದದ್ದೇ ಅಷ್ಟು ಪೌಷ್ಟಿಕ. ಅದೂ ಹೋಗಿ ರೊಟ್ಟಿ, ಕಾರಪುಡಿ ಉಳಿಯಿತು. ಮಾರನೇ ದಿನ ಆಕೆ ಮತ್ತೆ ಅದೇ ಹೊಲಕ್ಕೆ, ಅದೇ ಕಸದೊಳಗೆ ಕುರ್ಪಿ ಹಿಡಿದು ಕೂತಳು. ಗುಳ್ಳೆ ವಾಸಿ ಆಗದೆ ಇದ್ದಾಗ ಮನೆಯವರು ಹೇಳೋದು, “ಪಥ್ಯ ಸರಿ ಮಾಡ್ಲಿಲ್ಲ ನೀನು.” ತಪ್ಪು ಕಸದ್ದು, ಶಿಕ್ಷೆ ಬದನೇಕಾಯಿಗೆ, ಬೈಗುಳ ಆಕೆಗೆ.

ಮನೆಮದ್ದಿನ ಮೇಲೆ ನಮಗೆ ನಂಬಿಕೆ ಹುಟ್ಟೋದು ಹೇಗೆ ಅನ್ನೋದನ್ನೂ ಸ್ವಲ್ಪ ಯೋಚಿಸಬೇಕು. ಕೇರಳದಲ್ಲಿ ಗೇರಿನ ಜಾತಿಯ ಚೇರು ಮರ ತಾಗಿ ಮೈ ಊದಿಕೊಂಡರೆ ತಾನ್ನಿ ಮರಕ್ಕೆ, ಅಂದರೆ ನಮ್ಮ ತಾರೆ ಮರಕ್ಕೆ, ಪ್ರದಕ್ಷಿಣೆ ಹಾಕಿಸುವ ಪದ್ಧತಿ ಇದೆ. ಹಾಕಿದವರಿಗೆ ಗುಣವೂ ಆಗುತ್ತೆ. ಯಾಕೆ ಆಗಬಾರದು? ಸೊನೆ ಒಮ್ಮೆ ತಾಗಿ, ಮತ್ತೆ ತಾಗದೇ ಇದ್ದರೆ ಈ ಜಾತಿಯ ಗುಳ್ಳೆ ಎರಡು ಮೂರು ವಾರದಲ್ಲಿ ತಾನಾಗಿಯೇ ಇಳಿಯುತ್ತೆ. ಆ ಮೂರು ವಾರದಲ್ಲಿ ನೀವು ಯಾವ ಮರ ಸುತ್ತಿದರೂ, ಯಾವ ಸೊಪ್ಪು ಅರೆದು ಹಚ್ಚಿದರೂ, ಕೊನೆಗೆ ಯಾವುದನ್ನು ಮಾಡಿದಿರೋ ಅದಕ್ಕೆ ಹೆಸರು ಬರುತ್ತೆ. ಲ್ಯಾಬಿನಲ್ಲಿ ಕಂಟ್ರೋಲ್ ಸ್ಯಾಂಪಲ್ ಇಲ್ಲದ ರೀಡಿಂಗ್ ತೋರಿಸಿದರೆ ನಮ್ಮ ಮೇಷ್ಟ್ರು ರೆಕಾರ್ಡ್ ವಾಪಸ್ ಎಸೀತಾರೆ. ಅಜ್ಜಿಯ ಮದ್ದಿಗೆ ಮಾತ್ರ ನಾವು ಆ ಪ್ರಶ್ನೆ ಕೇಳಲ್ಲ.

ಕಾಂಗ್ರೆಸ್ ಕಸದಲ್ಲಿ ಈ ಲೆಕ್ಕ ತಿರುಗುಮುರುಗು. ಅದು ದಿನಾ ತಾಗುತ್ತೆ, ಗಾಳಿಯಲ್ಲೂ ತಾಗುತ್ತೆ. ಒಣಗಿದ ಗಿಡದ ಪುಡಿ, ಪರಾಗ ಹಾರಿ ಬಂದು ಕಣ್ಣಿನ ರೆಪ್ಪೆ, ಕಿವಿಯ ಹಿಂದೆ, ಗದ್ದದ ಕೆಳಗೆ, ಕುತ್ತಿಗೆಯ ಮಡಿಕೆ, ಮೊಣಕೈ ಮಡಿಕೆಯಲ್ಲಿ ಕೂರುತ್ತೆ. ಹಾಗಾಗಿ ಒಳ್ಳೆಯ ಮದ್ದೂ ಇಲ್ಲಿ ಸೋಲುತ್ತೆ, ಕೆಟ್ಟ ಮದ್ದೂ ಸೋಲುತ್ತೆ, ಜನ ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತಾರೆ. ಚರ್ಮ ದಪ್ಪವಾಗಿ, ಕಪ್ಪಾಗಿ, ಸುಕ್ಕುಗಟ್ಟುತ್ತೆ. ಬಿಸಿಲಿಗೆ ಆದ ಅಲರ್ಜಿ ಅಂತ ಹಲವರು ತಿಳಿಯುತ್ತಾರೆ. ವ್ಯತ್ಯಾಸ ಕಂಡುಹಿಡಿಯಲು ಒಂದು ಸುಲಭದ ಗುರುತಿದೆ. ಬಿಸಿಲು ಬೀಳದ ಜಾಗಗಳಲ್ಲೂ, ಅಂದರೆ ರೆಪ್ಪೆಯ ಮೇಲೆ, ಗದ್ದದ ನೆರಳಲ್ಲಿ, ಕಿವಿಯ ಹಿಂದೆ ಆಗಿದ್ದರೆ ಗಾಳಿಯಲ್ಲಿ ಬಂದದ್ದರ ಮೇಲೆ ಅನುಮಾನ ಪಡಬೇಕು. ಇನ್ನೂ ಒಂದು ಕಿರಿಕಿರಿ ಇದೆ. ಸೇವಂತಿಗೆ, ಸೂರ್ಯಕಾಂತಿ ಇವೆಲ್ಲ ಪಾರ್ಥೇನಿಯಂ ಕುಟುಂಬದವೇ. ಕಸಕ್ಕೆ ಅಲರ್ಜಿ ಆದ ಕೆಲವರಿಗೆ ಹಬ್ಬದ ಸೇವಂತಿಗೆ ಮಾಲೆಯೂ ಆಗಿಬರಲ್ಲ, ಸೂರ್ಯಕಾಂತಿ ಹೊಲಕ್ಕೂ ಹೋಗಲಾಗಲ್ಲ. ಹಡಗಲಿ ಮಲ್ಲಿಗೆ ಆ ಕುಟುಂಬದ್ದಲ್ಲ ಅನ್ನೋದು ನಮ್ಮ ಪುಣ್ಯ.

ಇಷ್ಟಾದ ಮೇಲೆ ಮದ್ದುಗಳ ವಿಷಯ. ಹಾಸ್ಟೆಲ್ ಗುಂಪುಗಳಲ್ಲಿ ಹರಿದಾಡುವುದನ್ನೂ ಊರಲ್ಲಿ ಮಾಡುವುದನ್ನೂ ಒಟ್ಟಿಗೆ ಇಟ್ಟು ನಮ್ಮ ಅಭಿಪ್ರಾಯ ಹೇಳ್ತೀವಿ.

ಎಲ್ಲಕ್ಕಿಂತ ಮೊದಲ ಮದ್ದು ಸೋಪು ಮತ್ತು ತಣ್ಣೀರು, ಅದೂ ಆದಷ್ಟು ಬೇಗ. ಕೆಲಸ ಮುಗಿಸಿ, ಚಹಾ ಕುಡಿದು, ಹರಟೆ ಹೊಡೆದು, ರಾತ್ರಿ ಸ್ನಾನ ಮಾಡಿದರೆ ಅರ್ಧ ಪ್ರಯೋಜನ ಹೋಯಿತು. ಕೈಕಾಲು, ಮುಖ, ಕುತ್ತಿಗೆ, ಉಗುರಿನ ಸಂದಿ ತೊಳೆಯಬೇಕು, ಹಾಕಿದ ಬಟ್ಟೆ ಬದಲಿಸಬೇಕು, ಆ ಬಟ್ಟೆಯನ್ನು ಹಾಸಿಗೆ ಮೇಲೆ ಎಸೆಯಬಾರದು. ಇದು ಮದ್ದಿನ ಹಾಗೆ ಕಾಣಲ್ಲ, ಅದಕ್ಕೇ ಯಾರೂ ಮಾಡಲ್ಲ. ಎಣ್ಣೆ ಹಚ್ಚುವವರಿಗೆ ಒಂದು ಮಾತು: ತೊಳೆಯುವ ಮೊದಲು ಹಚ್ಚಬೇಡಿ. ಪಾರ್ಥೆನಿನ್ನಿನಂಥವು ಕೊಬ್ಬಿನಲ್ಲಿ ಕರಗುವ ವಸ್ತುಗಳು, ಎಣ್ಣೆ ಸವರಿದರೆ ಹರಡುವ ಸಾಧ್ಯತೆಯೇ ಹೆಚ್ಚು. ತೊಳೆದ ಮೇಲೆ, ಗುಳ್ಳೆ ಒಣಗಿ ಚರ್ಮ ಬಿರಿದಾಗ ಕೊಬ್ಬರಿ ಎಣ್ಣೆ ಒಳ್ಳೆಯದೇ.

ಉರಿ, ಕೆರೆತಕ್ಕೆ ತಣ್ಣೀರಲ್ಲಿ ಅದ್ದಿದ ಹತ್ತಿ ಬಟ್ಟೆಯನ್ನು ಹತ್ತಿಪ್ಪತ್ತು ನಿಮಿಷ ಇಡೋದಕ್ಕಿಂತ ಸರಳವಾದದ್ದು, ಖರ್ಚಿಲ್ಲದ್ದು ಮತ್ತೊಂದಿಲ್ಲ. ಮೆಡಿಕಲ್ ಶಾಪಿನ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ ಕೂಡ ಇದೇ ಕೆಲಸ ಮಾಡುತ್ತೆ, ಜೊತೆಗೆ ಸೋರುವ ಗುಳ್ಳೆಯನ್ನು ಒಣಗಿಸುತ್ತೆ. ಕುದಿಯುವ ನೀರು ಹೊಯ್ಕೊಂಡು ನಾರಿನಿಂದ ತಿಕ್ಕಿದರೆ ಆ ಕ್ಷಣಕ್ಕೆ ಸ್ವರ್ಗಸುಖ, ಅರ್ಧ ಗಂಟೆ ಬಿಟ್ಟು ದುಪ್ಪಟ್ಟು ಕೆರೆತ. ಬೇವಿನ ಎಲೆ ಹಾಕಿ ಕಾಯಿಸಿ ಆರಿಸಿದ ನೀರಿನಲ್ಲಿ ಸ್ನಾನ ಮಾಡಿದರೆ ನಮ್ಮ ವಿರೋಧ ಇಲ್ಲ. ಹಸಿ ಬೇವು, ಅರಿಶಿಣ ಅರೆದು ಒಡೆದ ಚರ್ಮದ ಮೇಲೆ ಮೆತ್ತಿದರೆ ಇದೆ. ಅರಿಶಿಣಕ್ಕೇ ಅಲರ್ಜಿ ಆಗುವವರೂ ಇದ್ದಾರೆ, ಉರಿಯೋ ಚರ್ಮಕ್ಕೆ ಹೊಸ ಅತಿಥಿಗಳನ್ನು ಕರೆಯೋದು ಯಾಕೆ?

ನಿಂಬೆಹಣ್ಣು ಬೇಡವೇ ಬೇಡ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತೆ; ನಿಂಬೆಯಲ್ಲಿರುವ ಕೆಲವು ವಸ್ತುಗಳು ಬಿಸಿಲಿನ ಜೊತೆ ಸೇರಿ ಮಾಡುವ ಕೆಲಸ ಅದು. ಎಲೆಅಡಿಕೆಯ ಸುಣ್ಣ ಹಚ್ಚುವವರು ಫಸ್ಟ್ ಸೆಮಿಸ್ಟರ್ ಕೆಮಿಸ್ಟ್ರಿ ನೆನಪಿಸಿಕೊಳ್ಳಿ. ಚರ್ಮದ ಮೇಲ್ಮೈಯ ಪಿಎಚ್ ಸುಮಾರು 5, ಸುಣ್ಣದ ತಿಳಿಯದ್ದು 12ರ ಮೇಲೆ. ಪಿಎಚ್ ಲಾಗರಿದಮ್ ಲೆಕ್ಕ ಅನ್ನೋದು ಮರೆಯಬೇಡಿ. ಟೂತ್‌ಪೇಸ್ಟ್, ಸೀಮೆಎಣ್ಣೆ, ವರ್ಕ್‌ಶಾಪಿನ ಡೀಸೆಲ್ ಬಗ್ಗೆ ಬರೆಯಲೇಬಾರದು ಅಂದುಕೊಂಡಿದ್ದೆವು. ಆದರೆ ಅವೂ ಚಲಾವಣೆಯಲ್ಲಿವೆ.

ಒಂದು ಕಡೆ ಮಾತ್ರ ಹಳೇ ಮದ್ದಿಗೆ ಪೂರ್ತಿ ಅಂಕ ಕೊಡ್ತೀವಿ. ನಸುಗುನ್ನಿ ಕಾಯಿಯ ಕೂದಲು ಮೈಗೆ ತಾಗಿದರೆ ಊರಲ್ಲಿ ಬೂದಿ ಹಾಕಿ ಮೆಲ್ಲಗೆ ಒರೆಸ್ತಾರೆ. ಅದು ಅಲರ್ಜಿ ಅಲ್ಲ, ಸಾವಿರಾರು ಸಣ್ಣ ಮುಳ್ಳು ಚರ್ಮಕ್ಕೆ ನೆಟ್ಟು ಕೆರೆತ ತರಿಸುವ ವಸ್ತುವನ್ನು ಒಳಗೆ ಬಿಡುವ ಕೆಲಸ. ಮುಳ್ಳು ತೆಗೆದರೆ ಅರ್ಧ ಮುಗೀತು. ಸೆಲ್ಲೋಟೇಪ್ ಅಂಟಿಸಿ ಕಿತ್ತರೂ ಅದೇ ಫಲ. ಕಾರಣ ಗೊತ್ತಿರುವ ಮದ್ದು ಕೆಲಸ ಮಾಡುತ್ತೆ, ಅದು ಬೂದಿಯೋ ಟೇಪೋ ಅನ್ನೋದು ಲೆಕ್ಕಕ್ಕಿಲ್ಲ.

ಸರ್ಪಸುತ್ತನ್ನು ಇದರ ಜೊತೆ ಸೇರಿಸಬೇಡಿ. ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ಗುಳ್ಳೆ ಎದ್ದು, ಕೆರೆತಕ್ಕಿಂತ ನೋವು ಹೆಚ್ಚಿದ್ದರೆ ಅದು ವೈರಸ್. ಗುಳ್ಳೆ ಕಂಡ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಲಾಭ ಹೆಚ್ಚು. ಕೆಮ್ಮಣ್ಣಿನಲ್ಲಿ ಹಾವಿನ ಚಿತ್ರ ಬರೆಸ್ತಾ ಕೂತರೆ ಆ ಮೂರು ದಿನ ಹೋಗುತ್ತೆ, ವಯಸ್ಸಾದವರಿಗೆ ನೋವು ತಿಂಗಳುಗಟ್ಟಲೆ ಉಳಿಯುತ್ತೆ.

ನಮ್ಮ ಭಯ ಇರೋದು ಸೊಪ್ಪು ಬೂದಿಯ ಬಗ್ಗೆ ಅಲ್ಲ. ಹೊಸ ಕಾಲದ ಮನೆಮದ್ದಿನ ಬಗ್ಗೆ. ಇವತ್ತು ಯಾವ ಊರಿನ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಗೆ ಹೋಗಿ “ತಿಂಡಿಗೆ ಏನಾರ ಕೊಡ್ರಿ” ಅಂದರೂ ಒಂದು ಸಣ್ಣ ಟ್ಯೂಬು ಕೈಗೆ ಬರುತ್ತೆ. ಅದರಲ್ಲಿ ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆಂಟಿಬಯೋಟಿಕ್ ಮೂರೂ ಕಲಸಿರುತ್ತೆ. ಎರಡು ದಿನದಲ್ಲಿ ಮಾಯವಾದ ಹಾಗೆ ಅನಿಸುತ್ತೆ, ಬಿಟ್ಟರೆ ದುಪ್ಪಟ್ಟಾಗಿ ವಾಪಸ್. ಸ್ಟೀರಾಯ್ಡ್ ಮುಲಾಮು ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಕಾಂಗ್ರೆಸ್ ಕಸದ ಗುಳ್ಳೆಗೆ ಚರ್ಮದ ಡಾಕ್ಟರು ಬರೆಯೋದೂ ಬಹಳ ಸಲ ಅದನ್ನೇ. ಎಷ್ಟು ತೀಕ್ಷ್ಣದ್ದು, ಮೈಯ ಯಾವ ಭಾಗಕ್ಕೆ, ಎಷ್ಟು ದಿನ ಅನ್ನೋದು ಅವರ ಲೆಕ್ಕ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತೆ, ಗಜಕರ್ಣಕ್ಕೆ ಹಚ್ಚಿದರೆ ಅದು ಮೈತುಂಬ ಹಬ್ಬುತ್ತೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿದೆ. ನಿಯಮ ಗೆಜೆಟ್ಟಿನಲ್ಲಿದೆ, ಟ್ಯೂಬು ಹಾಸ್ಟೆಲ್ಲಿನ ಪ್ರತಿ ರೂಮಿನಲ್ಲಿದೆ. ಒಬ್ಬರ ಟ್ಯೂಬು ಇಡೀ ಕಾರಿಡಾರ್ ಸುತ್ತುತ್ತೆ, ಚಾರ್ಜರ್ ಹಾಗೆ.

“ಹಾಗಾದ್ರೆ ಡಾಕ್ಟರ ಹತ್ರ ಹೋಗ್ರಿ” ಅನ್ನೋದು ಸುಲಭ. ಹೊಳಲಿನ ಕೂಲಿಯ ಹೆಂಗಸು ಚರ್ಮದ ಡಾಕ್ಟರನ್ನು ನೋಡಬೇಕಾದರೆ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಯ ಕಡೆ ಮುಖ ಮಾಡಬೇಕು. ಒಂದು ದಿನದ ಕೂಲಿ ಹೋಯಿತು, ಬಸ್ ಬದಲಿಸಿ ಬದಲಿಸಿ ಹೋಗಬೇಕು, ಜೊತೆಗೆ ಒಬ್ಬರು ಬೇಕು. ಆಕೆ ಮನೆಮದ್ದು ಮಾಡುವುದು ಮೂಢನಂಬಿಕೆಯಿಂದ ಅಲ್ಲ, ಹತ್ತಿರದಲ್ಲಿ ಇರೋದು ಅದೊಂದೇ ಅನ್ನುವ ಕಾರಣಕ್ಕೆ. ಆದ್ದರಿಂದ ಅಜ್ಜಿಯರ ಮದ್ದನ್ನು ನೋಡಿ ನಗುವ ಗೆಳೆಯರ ಜೊತೆಗೂ ನಾವಿಲ್ಲ, ನಮ್ಮ ಪರಂಪರೆಯಲ್ಲಿ ಎಲ್ಲಕ್ಕೂ ಔಷಧಿ ಇದೆ ಅಂತ ಎದೆ ತಟ್ಟುವವರ ಜೊತೆಗೂ ಇಲ್ಲ. ಈ ಗಿಡ ಪರಂಪರೆಗೆ ಹೊಸದು ಸ್ವಾಮಿ, ನಮ್ಮ ಮುತ್ತಜ್ಜಿ ನೋಡಿರಲಿಲ್ಲ.

ಆದರೂ ಈ ಹೆಂಗಸರೇ ಕಂಡುಕೊಂಡ ಒಂದು ಮದ್ದಿದೆ, ಅದಕ್ಕೆ ನಮ್ಮ ಕಡೆಯಿಂದ ಡಿಸ್ಟಿಂಕ್ಷನ್. ಕಳೆ ತೆಗೆಯೋಕೆ ಹೋಗುವಾಗ ಸೀರೆಯ ಮೇಲೆ ಗಂಡನದೋ ಮಗನದೋ ಹಳೇ ಫುಲ್ ಶರ್ಟ್ ಹಾಕ್ಕೊಳ್ತಾರೆ, ತಲೆ ಕುತ್ತಿಗೆ ಸೇರಿಸಿ ಟವೆಲ್ ಸುತ್ತುತ್ತಾರೆ. ಬಿಸಿಲಿಗೆ ಅಂತ ಶುರುವಾದದ್ದಿರಬಹುದು, ಕಸಕ್ಕೂ ಅದೇ ರಕ್ಷಣೆ. ಸುರಕ್ಷತಾ ಉಡುಪು ಅಂತ ನಾವು ಇಂಡಸ್ಟ್ರಿಯಲ್ ಸೇಫ್ಟಿ ಪೇಪರಿನಲ್ಲಿ ಐದು ಮಾರ್ಕಿಗೆ ಬರೆಯೋದು ಇದನ್ನೇ. ಕೊರತೆ ಇರೋದು ಎರಡೇ ಕಡೆ, ಆ ಶರ್ಟನ್ನು ದಿನಾ ಒಗೆಯೋಕೆ ನೀರಿಲ್ಲ, ಕೈಗೆ ಗ್ಲೌಸ್ ಇಲ್ಲ.

ಈಗ ನಮ್ಮ ಅಂಗಳದ ಮಾತು. ಬಹಳ ಕಾಲೇಜುಗಳಲ್ಲಿ ವರ್ಷಕ್ಕೊಂದು ಶ್ರಮದಾನ ಇರುತ್ತೆ. ಬ್ಯಾನರ್, ಟೋಪಿ, ಫೋಟೊ ಎಲ್ಲ ಇರುತ್ತೆ, ಗ್ಲೌಸ್ ಮಾತ್ರ ಇರಲ್ಲ. ತುಂಬ ಹೂ ಬಿಟ್ಟ ಕಾಂಗ್ರೆಸ್ ಕಸವನ್ನು ಬರಿಗೈಯಲ್ಲಿ ಕಿತ್ತು, ಎದೆಗವಚಿ ಹೊತ್ತುಕೊಂಡು ಹೋಗಿ, ರಾಶಿ ಹಾಕಿ ಬೆಂಕಿ ಇಡ್ತಾರೆ. ಅಲರ್ಜಿ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ವಿಧಾನವನ್ನು ಯಾರೂ ವಿನ್ಯಾಸ ಮಾಡಲಾರರು. ಹೂ ಬಿಟ್ಟ ಮೇಲೆ ಕಿತ್ತರೆ ಪರಾಗ ಮುಖಕ್ಕೆ, ಬೀಜ ನೆಲಕ್ಕೆ. ಸುಟ್ಟರೆ ಆ ಹೊಗೆ, ಪುಡಿ ಎಲ್ಲರ ಕಣ್ಣು ಮೂಗಿಗೆ. ಹೂ ಬರುವ ಮೊದಲು, ಮಳೆ ಬಿದ್ದು ನೆಲ ಮೆತ್ತಗಿದ್ದಾಗ ಬೇರುಸಮೇತ ಕೀಳಬೇಕು, ಆಗ ಕಾಂಪೋಸ್ಟ್ ಗುಂಡಿಗೂ ಹಾಕಬಹುದು.

ಬೇರೆ ದಾರಿಗಳೂ ಇವೆ. ಮೆಕ್ಸಿಕೊದಿಂದ 1983ರಲ್ಲಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಯೊಂದಿದೆ, ಜೈಗೊಗ್ರಾಮ ಅಂತ ಅದರ ಹೆಸರು, ಮಳೆಗಾಲದಲ್ಲಿ ಈ ಗಿಡದ ಎಲೆಯನ್ನೆಲ್ಲ ತಿಂದು ಬೋಳು ಮಾಡುತ್ತೆ. ಮಧ್ಯೆ ಒಮ್ಮೆ ಸೂರ್ಯಕಾಂತಿಯನ್ನೂ ತಿನ್ನುತ್ತೆ ಅಂತ ಗಲಾಟೆ ಎದ್ದು, ತನಿಖೆಯಾಗಿ, ಭಯಪಡಬೇಕಾದ್ದಿಲ್ಲ ಅಂತ ತೀರ್ಮಾನ ಆಯಿತು. ಖಾಲಿ ಜಾಗದಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ಬೆಳೆದು ಕಾಂಗ್ರೆಸ್ ಕಸವನ್ನು ಹತ್ತಿಕ್ಕುತ್ತೆ. ತಗಚೆ ಚಿಗುರು ಪಲ್ಯಕ್ಕೂ ಆಗುತ್ತೆ.

ಫೈನಲ್ ಇಯರ್ ಪ್ರಾಜೆಕ್ಟುಗಳ ಪಟ್ಟಿ ನೋಡಿದರೆ ಕಳೆ ಗುರುತಿಸುವ ಡ್ರೋನ್, ಕಳೆ ಗುರುತಿಸುವ ಕ್ಯಾಮೆರಾ, ಕಳೆ ಗುರುತಿಸುವ ಆ್ಯಪ್. ಕಾಂಗ್ರೆಸ್ ಕಸ ಗುರುತಿಸೋಕೆ ಹೊಳಲಿನ ಮೂರನೇ ಕ್ಲಾಸಿನ ಹುಡುಗನೂ ಸಾಕು. ಬೇಕಾಗಿರೋದು ನಿಂತುಕೊಂಡೇ ಬೇರುಸಮೇತ ಕೀಳುವ ಉದ್ದ ಹಿಡಿಕೆಯ ಒಂದು ಸಾಧನ, ಹೆಂಗಸರ ಎತ್ತರಕ್ಕೆ, ಹೆಂಗಸರ ಕೈಗೆ ಸರಿಹೊಂದುವಂಥದ್ದು, ಊರಿನ ಕುಲುಮೆಯಲ್ಲೇ ರಿಪೇರಿ ಆಗುವಂಥದ್ದು. ಮೆಕ್ಯಾನಿಕಲ್ ವಿಭಾಗದ ಗೆಳೆಯರು ಬೇಜಾರು ಮಾಡ್ಕೋಬಾರದು, ಇದು ನಿಮ್ಮ ಕೈಯಲ್ಲಿ ಆಗುವ ಕೆಲಸ ಅನ್ನೋ ಹೆಮ್ಮೆಯಿಂದಲೇ ಹೇಳ್ತಿದ್ದೀವಿ.

ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತೆ. ಮುಂಗಾರು ಬೇಗ ಬಿದ್ದ ವರ್ಷ ನಮ್ಮ ಕಡೆ ಅಷ್ಟು ಹೊತ್ತಿಗೆ ಗಿಡ ಹೂವಿನಲ್ಲಿರುತ್ತೆ. ಅದಕ್ಕೇ ನಮ್ಮ ಕ್ಯಾಂಪಸ್ಸಿನ ಶ್ರಮದಾನ ಜುಲೈನಲ್ಲೇ ಆಗಲಿ ಅಂತ ಕನ್ನಡ ಸಂಘದಿಂದ ಕೇಳ್ತಿದ್ದೀವಿ. ಒಬ್ಬೊಬ್ಬರಿಗೂ ಮೊಣಕೈವರೆಗಿನ ಗ್ಲೌಸ್, ಫುಲ್ ಶರ್ಟ್ ಕಡ್ಡಾಯ, ಮೂಗಿಗೆ ಮಾಸ್ಕ್. ಮೊದಲೇ ಗುಳ್ಳೆ ಎದ್ದವರಿಗೆ, ಉಬ್ಬಸ ಇರುವವರಿಗೆ ಹಾಜರಾತಿಯ ಹೆದರಿಕೆ ಬೇಡ, ಅವರು ನೀರು ಕೊಡೋ ಕೆಲಸ ಮಾಡಲಿ. ಕ್ಯಾಂಪಸ್ಸಿನಲ್ಲಿ ವರ್ಷವಿಡೀ ಕಸ ತೆಗೆಯುವ ಆಯಾಗಳಿಗೆ ಮೊದಲು ಗ್ಲೌಸ್, ಆಮೇಲೆ ನಮಗೆ. ಕಣ್ಣು ಊದಿಕೊಂಡರೆ, ಜ್ವರ ಬಂದರೆ, ಗುಳ್ಳೆ ಕೀವಾದರೆ, ಉಸಿರು ಕಟ್ಟಿದರೆ ಯಾವ ಮನೆಮದ್ದೂ ಬೇಡ, ನೇರ ಆಸ್ಪತ್ರೆಗೆ. ಕೆಲಸ ಮುಗಿದ ಕೂಡಲೇ ಕೈ ತೊಳೆಯೋಕೆ ವರ್ಕ್‌ಶಾಪಿನ ಹಿಂದಿನ ನಲ್ಲಿಯಲ್ಲಿ ನೀರು ಬಿಡಿಸಿ, ನಾಲ್ಕು ಸೋಪು ಇಡಿಸಿ. ಸೋಪಿನ ದುಡ್ಡು ಸಂಘ ಕೊಡುತ್ತೆ.